ಬೆಕ್ಕಿಗೆ ಹಾಲು ಹಾಕಬೇಡಿ

ಬೆಕ್ಕು ಅಂದರೆ ಹಾಲು ಎಂದು ಯಾರಾದರೂ ನನ್ನ ಎದುರಿಗೆ ಅಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಅಂಗನವಾಡಿಯ ಗೋಡೆಯ ಮೇಲೆ, ಮಕ್ಕಳ ಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ, ಎಲ್ಲ ಕಡೆಯೂ ಒಂದು ಬೆಕ್ಕು, ಅದರ ಮುಂದೆ ಒಂದು ಹಾಲಿನ ಬಟ್ಟಲು. ಆ ಚಿತ್ರ ಬರೆದವರು ಯಾರೂ ಮಾರನೆಯ ದಿನ ಬೆಳಿಗ್ಗೆ ಬಕೆಟ್ಟು, ಹಳೇ ಬಟ್ಟೆ ಹಿಡಿದುಕೊಂಡು ಸೋಫಾದ ಕೆಳಗೆ ಬಗ್ಗಿದವರಲ್ಲ. ನಾನು ಬಗ್ಗಿದ್ದೇನೆ.

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ನಾನು, ನನ್ನ ಅಕ್ಕ, ಇಬ್ಬರೇ ಇರುವುದು. ಅಕ್ಕ ಆಯನೂರಿನ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದಳು. ಅವಳು ಮದುವೆಯೇ ಬೇಡ ಅಂದವಳು. ನಾನು ಮದುವೆಯಾಗಿ, ಅದು ಸರಿಹೋಗದೆ ವಾಪಸ್ಸು ಬಂದವಳು. ನನಗೆ ಭದ್ರಾವತಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಕ್ಕ ರಿಟೈರ್ ಆದ ದಿನ ಶಾಲೆಯವರು ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಆಟೋ ಹತ್ತಿಸಿ ಕಳಿಸಿದ್ದರು. ಮನೆಯ ಮುಂದೆ ಇಳಿದಾಗ ಬುಟ್ಟಿಯಲ್ಲಿ ಹಣ್ಣಿರಲಿಲ್ಲ, ಬೆಕ್ಕಿತ್ತು. ಹಣ್ಣನ್ನೆಲ್ಲ ಮಕ್ಕಳಿಗೆ ಹಂಚಿ, ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಬೆಳೆದಿದ್ದ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕನ್ನು ಅದರಲ್ಲಿ ಕೂರಿಸಿಕೊಂಡು ಬಂದಿದ್ದಳು.

"ನಾನಿಲ್ಲ ಅಂದ್ರೆ ಇದನ್ನ ಯಾರು ನೋಡ್ಕೊಳ್ತಾರೆ ಹೇಳು" ಅಂದಳು.

ಅಷ್ಟು ವರ್ಷ ಮಕ್ಕಳ ಗಲಾಟೆಯ ಮಧ್ಯೆ ಇದ್ದವಳು, ಒಂದು ಬೆಕ್ಕಾದರೂ ಜೊತೆಗಿರಲಿ ಎಂದು ನನಗೆ ಅನ್ನಿಸಿತು. ಅಕ್ಕ ಅದನ್ನು "ಮರಿ" ಎಂದು ಕರೆಯುತ್ತಿದ್ದಳು. ಅದು ಮರಿಯೇನೂ ಆಗಿರಲಿಲ್ಲ.

ಬಂದ ಮೊದಲ ವಾರದಲ್ಲೇ ಅದರ ಹೊಟ್ಟೆ ಸರಿಯಿಲ್ಲ ಎನ್ನುವುದು ಗೊತ್ತಾಯಿತು. ಒಂದೆರಡು ದಿನ ಭೇದಿ, ಆಮೇಲೆ ಸರಿ, ಮತ್ತೆ ಭೇದಿ. ತಿಂದದ್ದನ್ನು ಸ್ವಲ್ಪ ಹೊತ್ತಿಗೇ ವಾಂತಿ ಮಾಡುವುದು. ಹೊಟ್ಟೆಯೊಳಗಿನ ಗುಡುಗುಡು ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. ಹಿತ್ತಲಿನ ಬಾಗಿಲ ಬಳಿ ಮಣ್ಣು ತುಂಬಿ ಇಟ್ಟಿದ್ದ ಟಬ್ಬಿನವರೆಗೂ ಹೋಗಲಾರದೆ ಕಾಲೊರೆಸುವ ಬಟ್ಟೆಯ ಮೇಲೋ, ಸೋಫಾದ ಕೆಳಗೋ ಮಾಡಿಬಿಡುತ್ತಿತ್ತು. ಮಾಡಿದ ಮೇಲೆ ಫ್ರಿಜ್ಜಿನ ಹಿಂದೆ ಹೋಗಿ, ಕರೆದರೂ ಬಾರದೆ ಗೋಡೆ ಕಡೆ ಮುಖ ಮಾಡಿ ಕೂರುತ್ತಿತ್ತು. ಅಕ್ಕನಿಗೆ ಮಂಡಿ ನೋವು, ಬಗ್ಗಲು ಆಗುವುದಿಲ್ಲ. ಹಾಗಾಗಿ ಬೆಕ್ಕು ಅವಳದು, ಗಲೀಜು ನನ್ನದು.

ಶಿವಮೊಗ್ಗದಲ್ಲೇ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಅದರ ಹೊಟ್ಟೆಯನ್ನು ಮುಟ್ಟಿ ಸಹ ನೋಡಲಿಲ್ಲ. ಏನು ತಿನ್ನುತ್ತದೆ, ಎಷ್ಟು ಕಾಲದಿಂದ ಹೀಗಿದೆ, ಒಂದು ಪ್ರಶ್ನೆಯಿಲ್ಲ. ಕಂಪೌಂಡರು ಕತ್ತು ಹಿಡಿದುಕೊಂಡ, ಇವರು ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. "ಏನು ಇಂಜೆಕ್ಷನ್ ಸಾರ್ ಇದು?" ಅಂದೆ. "ಹೊಟ್ಟೆದು" ಅಂದರು. ಕೆಲವು ದಿನ ಭೇದಿ ನಿಂತಿತು, ಮತ್ತೆ ಶುರುವಾಯಿತು. ಮತ್ತೆ ಹೋದೆವು, ಮತ್ತೆ ಅದೇ ಇಂಜೆಕ್ಷನ್. ಹೀಗೇ ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಬೆಕ್ಕಿನ ಬೆನ್ನಿನ ಮೂಳೆ ಕೈಗೆ ಸಿಗಲು ಶುರುವಾದಾಗ, ಏನಾದರೂ ಟೆಸ್ಟ್ ಮಾಡಬಹುದಾ ಎಂದು ಕೇಳಿದೆ.

"ನಾಟಿ ಬೆಕ್ಕಲ್ವಾ ಮೇಡಂ, ಇವುಕ್ಕೆ ಇದೆಲ್ಲ ಮಾಮೂಲಿ" ಅಂದರು. "ಹಾಲು ಅನ್ನ ಕಲಸಿ ಹಾಕಿ, ಹೊಟ್ಟೆಗೆ ಲೈಟಾಗಿರತ್ತೆ. ಸುಮ್ನೆ ತಲೆ ಕೆಡಿಸ್ಕೋಬೇಡಿ."

ಕಾಯಿಲೆಯನ್ನು ಕೆರಳಿಸುವುದನ್ನೇ ಅವರು ಔಷಧಿಯ ಹಾಗೆ ಹೇಳಿದ್ದರು. ನಮಗೆ ಅದು ಆಗ ಗೊತ್ತಿರಲಿಲ್ಲ. ಅಕ್ಕ ಮನೆಗೆ ಬಂದವಳೇ ದಿನದ ಅರ್ಧ ಲೀಟರಿನ ಜೊತೆಗೆ ಇನ್ನೊಂದು ಪ್ಯಾಕೆಟ್ ಹಾಲು ಹಾಕಲು ಹಾಲಿನವರಿಗೆ ಹೇಳಿದಳು.

ಹಾಲು ಅನ್ನದ ಜೊತೆಗೆ ಅಂಗಡಿಯಿಂದ ತರುವ ಬೆಕ್ಕಿನ ಕಾಳೂ ಇತ್ತು. ನಮ್ಮದು ಲಿಂಗಪೂಜೆಯ ಮನೆ, ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಆದರೆ ಮೀನಿನ ಚಿತ್ರವಿರುವ ಆ ಪ್ಯಾಕೆಟ್ಟು ಅಕ್ಕನಿಗೆ ನಡೆಯುತ್ತಿತ್ತು. "ನೋಡೋಕೆ ಕಾಳಿನ ಥರಾನೇ ಇದೆಯಲ್ಲ" ಅನ್ನುತ್ತಿದ್ದಳು. ಈ ಮಾತನ್ನು ನೆನಪಿಟ್ಟುಕೋ ಎಂದು ನಾನು ಅವಳಿಗೇ ಎಷ್ಟೋ ಸಲ ಆಮೇಲೆ ಹೇಳಿದ್ದೇನೆ.

ಬೆಕ್ಕುಗಳನ್ನು ಚೆನ್ನಾಗಿ ನೋಡುವ ಡಾಕ್ಟರೊಬ್ಬರು ಭದ್ರಾವತಿಗೆ ಬಂದಿದ್ದಾರೆ ಎಂದು ಕಾಲೇಜಿನಲ್ಲಿ ಯಾರೋ ಅಂದರು. ಒಂದು ಶನಿವಾರ ಅದೇ ಹಣ್ಣಿನ ಬುಟ್ಟಿಗೆ ಮೇಲೊಂದು ಟವೆಲ್ ಕಟ್ಟಿ, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಅದು ಬುಟ್ಟಿಯಲ್ಲೇ ಮಾಡಿಕೊಂಡಿತು. ವಾಸನೆ ಹಿಂದಿನ ಸೀಟಿನವರೆಗೂ ಹೋಯಿತು. ಕಿಟಕಿಗಳೆಲ್ಲ ದಡದಡ ತೆರೆದವು. ಕಂಡಕ್ಟರು ಬಂದು ಮೂಗು ಮುಚ್ಚಿಕೊಂಡು ನಿಂತ.

"ಇಳ್ಕೊಂಡ್ಬಿಡಿ ಮೇಡಂ, ಪ್ಯಾಸೆಂಜರ್ಸ್ ಬೈತಾರೆ."

"ಟಿಕೆಟ್ ತಗೊಂಡಿದ್ದೀನಿ. ಇಳಿಯಲ್ಲ" ಅಂದೆ.

ಮುಂದಿನ ಸೀಟಿನಲ್ಲಿದ್ದ ಒಬ್ಬರು, ಇಸ್ತ್ರಿ ಶರ್ಟಿನವರು, ನನ್ನ ಕಡೆ ತಿರುಗಿ ಒಳ್ಳೆಯ ಸಲಹೆ ಕೊಡುವವರ ಹಾಗೆ ಅಂದರು: "ಇಷ್ಟು ಕಷ್ಟ ಯಾಕ್ರೀ? ಸಕ್ರೆಬೈಲು ದಾಟಿ ಒಂಚೂರು ಮುಂದೆ ಹೋಗಿ ಕಾಡಲ್ಲಿ ಬಿಟ್ಟು ಬನ್ನಿ. ಹೆಂಗೋ ಬದುಕ್ಕೊಳ್ಳತ್ತೆ."

"ನಿಮಗೆ ವಯಸ್ಸಾಗಿ ಹೊಟ್ಟೆ ಕೆಟ್ಟರೆ ನಿಮ್ಮ ಮನೆಯವರೂ ಅಲ್ಲೇ ಬಿಡ್ತಾರಾ?" ಅಂದೆ.

ಅವರು ಭದ್ರಾವತಿ ಬರುವವರೆಗೂ ತಿರುಗಿ ನೋಡಲಿಲ್ಲ. ನನ್ನ ಕೈ ನಡುಗುತ್ತಿತ್ತು. ಹೆದರಿಕೆಯಿಂದಲ್ಲ.

ಭದ್ರಾವತಿಯ ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಮೊದಲು ಬೆಕ್ಕನ್ನು ಒರೆಸಿ, ಮೇಜಿನ ಮೇಲೆ ಬಟ್ಟೆ ಹಾಸಿ ಕೂರಿಸಿದರು. ಹೊಟ್ಟೆಯನ್ನು ಬೆರಳಿನಲ್ಲಿ ನಿಧಾನವಾಗಿ ಒತ್ತುತ್ತಾ ಒಂದೊಂದೇ ಕೇಳಿದರು. ಮಲದ ಪರೀಕ್ಷೆ, ರಕ್ತ ಪರೀಕ್ಷೆ, ಆಮೇಲೆ ಸ್ಕ್ಯಾನು. ಎಲ್ಲ ಮುಗಿದ ಮೇಲೆ ಇನ್ನೊಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು.

"ಇದರ ಕರುಳು ಊದಿಕೊಂಡಿದೆ ಮೇಡಂ. ಬಹಳ ಹಳೇದು. ವಾಸಿ ಆಗೋ ಕಾಯಿಲೆ ಅಲ್ಲ, ಹತೋಟೀಲಿ ಇಡೋದು. ಮನುಷ್ಯರಿಗೆ ಶುಗರ್ ಇರಲ್ವಾ, ಹಂಗೆ. ಮೊದಲು ಹಾಲು ನಿಲ್ಲಿಸಿ. ಅನ್ನ, ಬಿಸ್ಕತ್ತು, ಆ ಕಾಳು, ಎಲ್ಲಾ ನಿಲ್ಲಿಸಿ. ಇದು ಈವರೆಗೂ ತಿನ್ನದೇ ಇರೋ ಒಂದೇ ಒಂದು ಮಾಂಸ ಕೊಡಬೇಕು. ಕೋಳಿ ಬೇಯಿಸಿ. ಉಪ್ಪು, ಎಣ್ಣೆ, ಅರಿಶಿನ, ಈರುಳ್ಳಿ ಏನೂ ಹಾಕಬೇಡಿ. ನಾನು ಕೊಡೋ ಪುಡಿ ಬೆರೆಸಿ. ಎರಡು ತಿಂಗಳು ಬೇರೆ ಏನೂ ಬಾಯಿಗೆ ಹೋಗಬಾರದು. ಒಂದು ಚಮಚ ಹೋದ್ರೂ ಮತ್ತೆ ಮೊದಲಿಂದ."

"ನಾವು ಲಿಂಗಾಯಿತರು ಡಾಕ್ಟ್ರೇ" ಅಂದೆ.

"ಬೆಕ್ಕು ಅಲ್ಲವಲ್ಲ" ಅಂದರು.

ಅವತ್ತು ಸಂಜೆ ಜೀವಮಾನದಲ್ಲಿ ಮೊದಲ ಸಲ ಕೋಳಿ ಅಂಗಡಿಯ ಮುಂದೆ ನಿಂತೆ. ಹೊಸಮನೆಯಲ್ಲಿ ಯಾರಾದರೂ ನೋಡಿದರೆ ಅಕ್ಕನಿಗೆ ಸುದ್ದಿ ಹೋಗುತ್ತದೆ ಎಂದು ಭದ್ರಾವತಿಯಲ್ಲೇ, ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ. ಅಂಗಡಿಯವರು "ಸ್ಕಿನ್ನಾ, ಸ್ಕಿನ್‌ಲೆಸ್ಸಾ? ಕರ್ರಿಗಾ, ಬಿರಿಯಾನಿಗಾ ಅಕ್ಕಾ?" ಎಂದು ಕೇಳಿದರು. "ಬೆಕ್ಕಿಗೆ" ಅಂದೆ. ಅವರು ನಕ್ಕು, "ಬೆಕ್ಕಿಗೆ ಅಂತಾನೇ ಎಲ್ಲರೂ ಹೇಳೋದು" ಅಂದರು. ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಕಪ್ಪು ಕವರನ್ನು ಊಟದ ಡಬ್ಬಿಯ ಚೀಲದಿಂದ ದೂರ ಹಿಡಿದುಕೊಂಡು ಬಸ್ಸಿನಲ್ಲಿ ನಿಂತೇ ಬಂದೆ. ನನಗೆ ಅಸಹ್ಯವಾಗುತ್ತಿತ್ತು. ಅಸಹ್ಯವಾದರೂ ತಂದೆ. ಈ ಮಾತನ್ನು ಅಕ್ಕ ಇವತ್ತಿಗೂ ಒಪ್ಪುವುದಿಲ್ಲ. ನನಗೆ ಅದು ಹೂವಿನ ಹಾರದ ಹಾಗಿತ್ತು ಎಂದುಕೊಂಡಿದ್ದಾಳೆ.

ಮನೆಯಲ್ಲಿ ಯುದ್ಧವೇ ಆಯಿತು.

"ಅಪ್ಪ ಪೂಜೆ ಮಾಡಿದ ಮನೆ ಇದು. ಇಲ್ಲಿ ಕೋಳಿ ಬೇಯಿಸ್ತೀಯಾ?"

"ಒಳಗೆ ಬೇಯಿಸಲ್ಲ. ಹಿತ್ತಲಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಹತ್ರ. ಪಾತ್ರೆ ಬೇರೆ, ಸ್ಟವ್ ಬೇರೆ."

"ಅದೂ ಮನೆ ತಾನೆ? ನಾನು ಮೊಸರನ್ನ ಹಾಕಿ ಸಾಕ್ತೀನಿ ಬಿಡು."

"ಹಾಲು ಅನ್ನ ಹಾಕಿದ್ದಕ್ಕೇ ಹಿಂಗಾಗಿದ್ದು ಅಕ್ಕ! ನೀನು ಹಾಕೋ ಕಾಳಲ್ಲಿ ಮೀನಿದೆ. ಅದು ನಡಿಯತ್ತೆ, ಇದು ನಡಿಯಲ್ವಾ?"

"ಅದು ಕಾಳು" ಅಂದಳು.

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮಾರನೆಯ ದಿನದಿಂದ ಕೆಲಸಕ್ಕೆ ಹೋಗುವ ಮೊದಲು ಹಿತ್ತಲಿನಲ್ಲಿ ಕರೆಂಟ್ ಸ್ಟವ್ ಇಟ್ಟು ಬೇಯಿಸಿದೆ. ಆ ನೀರು ಕುದಿಯುವಾಗ ಬರುವ ವಾಸನೆಗೆ ಎರಡು ಸಲ ಕಾಂಪೌಂಡಿನ ಗೋಡೆ ಹಿಡಿದು ವಾಕರಿಸಿದ್ದೇನೆ. ಎಳೆಎಳೆಯಾಗಿ ಬಿಡಿಸಿ, ಪುಡಿ ಬೆರೆಸಿ, ಬೆಕ್ಕಿನ ಮುಂದೆ ಇಟ್ಟು, ಸ್ನಾನ ಮಾಡಿ ಒಳಗೆ ಬಂದರೆ ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿ, "ಆ ಕೈಯಲ್ಲಿ ನನಗೆ ಬಡಿಸಬೇಡ" ಅಂದಳು. ಅಂದಿನಿಂದ ಅವಳ ರೊಟ್ಟಿ ಅವಳೇ ಮಾಡಿಕೊಂಡಳು.

ಆದರೆ ಬೆಕ್ಕು ಸುಧಾರಿಸಿತು. ಮೊದಲು ವಾಂತಿ ನಿಂತಿತು. ಆಮೇಲೆ ಒಂದು ಬೆಳಿಗ್ಗೆ ಟಬ್ಬಿನಲ್ಲಿ, ಗಟ್ಟಿಯಾಗಿ, ಒಂದು ಬೆಕ್ಕು ಹೇಗೆ ಮಾಡಬೇಕೋ ಹಾಗೆ ಮಾಡಿತ್ತು. ಅದನ್ನು ನೋಡಿ ನನಗಾದ ಸಂತೋಷವನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಒಬ್ಬಳೇ ನಕ್ಕೆ. ಬೆಕ್ಕಿನ ಬೆನ್ನಿಗೆ ಸ್ವಲ್ಪ ಮಾಂಸ ಬಂತು, ಕೂದಲಿಗೆ ಹೊಳಪು ಬಂತು. ಅಕ್ಕನೂ ನೋಡಿದಳು.

ಎರಡು ತಿಂಗಳು ಮುಗಿಯಲು ಇನ್ನೇನು ಕೆಲವು ದಿನ ಇದ್ದಾಗ ಮತ್ತೆ ಭೇದಿ ಶುರುವಾಯಿತು. ಈ ಸಲ ರಕ್ತವೂ ಇತ್ತು.

"ಏನು ಹಾಕಿದೆ ಅಕ್ಕ?"

"ಏನೂ ಹಾಕಿಲ್ಲ."

"ಹಾಲು ಹಾಕಿದ್ದೀಯ."

"ಹಾಕಿಲ್ಲ ಅಂದೆನಲ್ಲ. ಲಿಂಗದ ಮೇಲೆ ಆಣೆ. ನೀನು ಹಾಕಬೇಡ ಅಂದ ದಿನದಿಂದ ಒಂದು ತೊಟ್ಟು ಹಾಲು ಹಾಕಿಲ್ಲ."

ಅಕ್ಕ ಸುಳ್ಳು ಆಣೆ ಹಾಕುವವಳಲ್ಲ. ಹಾಗಾಗಿ ಕೋಳಿ ಅಂಗಡಿಯವರ ಮೇಲೆ, ಡಾಕ್ಟರು ಕೊಟ್ಟ ಪುಡಿಯ ಮೇಲೆ, ಅಡ್ಡಾಡಿಕೊಂಡು ಬರುವ ಬೆಕ್ಕುಗಳ ಮೇಲೆ, ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡೆ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಮಾತ್ರೆ ಶುರುಮಾಡಿ, "ಏನೋ ಬಾಯಿಗೆ ಹೋಗ್ತಿದೆ ಮೇಡಂ, ನೋಡಿ" ಅಂದರು. ಸ್ವಲ್ಪ ಸರಿಯಾಯಿತು, ಮತ್ತೆ ಕೆಟ್ಟಿತು.

ಶ್ರಾವಣದ ಒಂದು ಸೋಮವಾರ ಜ್ವರ ಬಂದ ಹಾಗಾಗಿ ಕೆಲಸಕ್ಕೆ ರಜೆ ಹಾಕಿದ್ದೆ. ನಾನು ರೂಮಿನಲ್ಲಿ ಮಲಗಿದ್ದೆ. ಅಕ್ಕನ ಪೂಜೆಯ ಗಂಟೆ ಕೇಳಿಸಿತು. ಗಂಟೆ ಆಗುತ್ತಲೇ ಕಾಲ ಬಳಿ ಮಲಗಿದ್ದ ಬೆಕ್ಕು ಎದ್ದು, ಮೈಮುರಿದು, ಬಾಲ ಎತ್ತಿಕೊಂಡು ಹೊರಟಿತು. ಅಭ್ಯಾಸವಾದ ನಡಿಗೆ. ನಾನೂ ಎದ್ದು ಹಿಂದೆ ಹೋದೆ. ದೇವರ ಮನೆಯ ಹೊಸ್ತಿಲ ಬಳಿ ಅದು ಕಾಲು ಮಡಿಸಿ ಕೂತಿತ್ತು. ಅಕ್ಕ ಲಿಂಗಕ್ಕೆ ಅಭಿಷೇಕ ಮಾಡಿದ ಹಾಲನ್ನು ತಾನು ಅಂಗೈಯಲ್ಲಿ ತೆಗೆದುಕೊಂಡಳು. ಆಮೇಲೆ ಒಂದು ಪುಟ್ಟ ಬೆಳ್ಳಿ ಬಟ್ಟಲಿಗೆ ಸ್ವಲ್ಪ ಬಗ್ಗಿಸಿ, "ತಗೋ ಮರಿ, ಕಣ್ಣಿಗೊತ್ತಿಕೊಂಡು ಕುಡಿ" ಎಂದು ಅದರ ಮುಂದಿಟ್ಟಳು. ಬೆಕ್ಕು ಕುಡಿಯಲು ಶುರುಮಾಡಿತು.

"ಏನು ಮಾಡ್ತಿದ್ದೀಯ ನೀನು?" ನನ್ನ ಗಂಟಲು ಕಿತ್ತುಹೋಗುವ ಹಾಗೆ ಕೂಗಿದ್ದೆ.

ಅಕ್ಕ ಬೆಚ್ಚಿದಳು. ಆದರೆ ಕಳ್ಳತನ ಮಾಡಿ ಸಿಕ್ಕಿಬಿದ್ದವರ ಮುಖ ಅದಾಗಿರಲಿಲ್ಲ. "ಪ್ರಸಾದ ಕೊಡ್ತಿದ್ದೀನಿ. ಯಾಕೆ ಹಂಗೆ ಕಿರುಚ್ತೀಯ?"

"ಆಣೆ ಹಾಕಿದ್ಯಲ್ಲ! ಹಾಲು ಹಾಕಿಲ್ಲ ಅಂತ ಲಿಂಗದ ಮೇಲೆ ಆಣೆ ಹಾಕಿದ್ಯಲ್ಲ!"

"ಹಾಲು ಎಲ್ಲಿ ಹಾಕಿದೀನಿ? ಇದು ಅಭಿಷೇಕ ಆಗಿದ್ದು ಕಣೆ. ಪ್ರಸಾದ. ಪ್ರಸಾದದಿಂದ ಯಾರಿಗಾದ್ರೂ ಕೆಟ್ಟದಾಗತ್ತಾ ಮಾರಾಯ್ತಿ? ಅದಕ್ಕೆ ವಾಸಿಯಾಗ್ಲಿ ಅಂತಾನೇ ದಿನಾ ಕೊಡ್ತಿರೋದು."

ದಿನಾ. ನಾನು ಬಸ್ಸಿನಲ್ಲಿ ನಿಂತು ಕೋಳಿ ತಂದ ದಿನಗಳೆಲ್ಲ, ಗೋಡೆ ಹಿಡಿದುಕೊಂಡು ವಾಕರಿಸಿದ ಬೆಳಿಗ್ಗೆಗಳೆಲ್ಲ, ಇವಳು ಇಲ್ಲಿ ಕೂತು ಬೆಳ್ಳಿ ಬಟ್ಟಲಿನಲ್ಲಿ ಎಲ್ಲವನ್ನೂ ತೊಳೆದುಹಾಕುತ್ತಿದ್ದಳು. ಮೊದಮೊದಲು ನಾಲ್ಕು ತೊಟ್ಟು ಕೊಡುತ್ತಿದ್ದಳಂತೆ. ಬೆಕ್ಕು ಚೇತರಿಸಿಕೊಂಡದ್ದು ಅದರಿಂದಲೇ ಎಂದುಕೊಂಡು ಆಮೇಲೆ ಬಟ್ಟಲು ತುಂಬ ಕೊಡಲು ಶುರುಮಾಡಿದ್ದಳು. ಇದನ್ನೂ ಅವಳೇ ಹೇಳಿದಳು, ಹೆಮ್ಮೆಯಿಂದ.

ನಾನು ಬಗ್ಗಿ ಬೆಕ್ಕಿನ ಮುಂದಿನಿಂದ ಬಟ್ಟಲು ಕಿತ್ತುಕೊಂಡೆ. ಅಡಿಗೆಮನೆಗೆ ಹೋಗಿ ಅದರಲ್ಲಿದ್ದದ್ದನ್ನೆಲ್ಲ ಸಿಂಕಿಗೆ ಸುರಿದು, ನಲ್ಲಿ ಬಿಟ್ಟೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬಹಳ ಸಣ್ಣ ದನಿಯಲ್ಲಿ, "ಪ್ರಸಾದನ ಚರಂಡಿಗೆ ಹಾಕಿದ್ಯಾ" ಅಂದಳು. ಕಣ್ಣಲ್ಲಿ ನೀರು ಬಂತು. ನಾನು ಆ ಕೆಲಸಕ್ಕೆ ಅವತ್ತೂ ಕ್ಷಮೆ ಕೇಳಲಿಲ್ಲ, ಇವತ್ತೂ ಕೇಳುವುದಿಲ್ಲ. ಮುಚ್ಚಿಟ್ಟು ಕೊಟ್ಟಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವಳು ಮುಚ್ಚಿಟ್ಟಿರಲೂ ಇಲ್ಲ. ತನ್ನ ಮಟ್ಟಿಗೆ ಅವಳು ನಿಜವನ್ನೇ ಹೇಳಿದ್ದಳು. ಅಂಥವಳ ಜೊತೆ ಜಗಳ ಆಡುವುದು ಹೇಗೆ?

ಆ ವಾರ ನಾವು ಮಾತಾಡಲಿಲ್ಲ. ಬೆಕ್ಕು ಇನ್ನೂ ಕೆಟ್ಟಿತು. ಕಾಲೇಜಿನಲ್ಲಿ ಪರೀಕ್ಷೆ, ನನಗೆ ರಜೆ ಸಿಗಲಿಲ್ಲ. ಅದು ಬೆಳಿಗ್ಗೆ ನೀರು ಕುಡಿಯದ್ದನ್ನು ನೋಡಿಯೇ ಹೋದೆ. ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ತಲೆ ಎತ್ತಿದರೆ ಅಕ್ಕ. ಕಂಕುಳಲ್ಲಿ ಬುಟ್ಟಿ, ಸೀರೆಯ ನೆರಿಗೆಯ ಮೇಲೆಲ್ಲ ಕಲೆ, ಮುಖ ಕೆಂಪು. ಆ ಮಂಡಿ ಇಟ್ಟುಕೊಂಡು ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು.

"ಎದ್ದೇಳ್ತಿಲ್ಲ ಕಣೆ ಇದು" ಅಂದಳು. ಆಮೇಲೆ, ನಾನು ಏನೂ ಕೇಳದೆ, "ಬಸ್ಸಲ್ಲಿ ಒಬ್ಬ, ಎಸೆದುಬಿಡಿ ಅಜ್ಜಿ ಅಂದ. ಅಜ್ಜಿ ಅಂತೆ! ಯಾವ ಸ್ಕೂಲಲ್ಲಿ ಓದಿದ್ದು ನೀನು, ನಿನ್ನ ಟೀಚರ್ ಯಾರು ಅಂತ ಕೇಳಿದೆ. ನಿಂತ್ಕೊಂಡೇ ಬರೋ ಹಂಗೆ ಮಾಡಿದೆ ಅವನನ್ನ, ಭದ್ರಾವತಿವರೆಗೂ" ಅಂದಳು. ದನಿ ನಡುಗುತ್ತಿತ್ತು. ಆ ನಡುಕ ಯಾವುದು ಎನ್ನುವುದು ನನಗೆ ಗೊತ್ತಿತ್ತು.

ಡಾಕ್ಟರು ಬೆಕ್ಕಿನ ಚರ್ಮ ಎತ್ತಿ ನೋಡಿ, ನೀರಿಲ್ಲದೆ ಒಣಗಿದೆ ಎಂದು ಡ್ರಿಪ್ ಹಾಕಿದರು. ಅದು ಮುಗಿಯುವವರೆಗೂ ಅಕ್ಕ ಅದರ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದಳು. ಏನು ತಿಂದಿತ್ತು ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಅಕ್ಕನೇ ಹೇಳಿದಳು: "ಪ್ರಸಾದ ಕೊಡ್ತಿದ್ದೆ. ಅಭಿಷೇಕದ ಹಾಲು."

ಡಾಕ್ಟರು ನಗಲಿಲ್ಲ. "ಅಮ್ಮ, ನಿಮಗೆ ಅದು ಪ್ರಸಾದ. ಇದರ ಕರುಳಿಗೆ ಅದು ಹಾಲು. ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ."

ಅಕ್ಕ ಅದರ ತಲೆ ಸವರುತ್ತಾ, "ಹಣೆಗೆ ವಿಭೂತಿ ಹಚ್ಚಬಹುದಾ?" ಅಂದಳು.

"ಕಾಲಲ್ಲಿ ಒರೆಸಿಕೊಂಡು ಅದನ್ನೂ ನೆಕ್ಕತ್ತೆ ಅಮ್ಮ. ಬೇಡ. ಮಂಗಳಾರತಿ ತೋರಿಸಿ, ಸಾಕು."

ಅಕ್ಕ ತಲೆಯಾಡಿಸಿದಳು. ನಾನು ಇಷ್ಟು ತಿಂಗಳು ಬಾಯಿ ಬಡಿದುಕೊಂಡದ್ದರಲ್ಲಿ ಒಂದು ಮಾತೂ ಒಳಗೆ ಹೋಗದೆ, ಬೇರೆಯವರು ಒಂದು ಸಲ ಹೇಳಿದ್ದು ಹೋಯಿತಲ್ಲ ಎಂದು ಅಲ್ಲೂ ನನಗೆ ಸಿಟ್ಟೇ ಬಂತು.

ಬೆಕ್ಕು ಉಳಿಯಿತು. ಈಗ ಅದಕ್ಕೆ ದಿನಕ್ಕೊಂದು ಚೂರು ಮಾತ್ರೆ, ಆಗಾಗ ಬಿ-ಟ್ವೆಲ್ವ್ ಇಂಜೆಕ್ಷನ್, ಬೇಯಿಸಿದ ಕೋಳಿ, ಪುಡಿ. ಕೋಳಿ ಬೇಯಿಸುವ ಪಾತ್ರೆಯನ್ನು ಅಕ್ಕ ಇವತ್ತಿನವರೆಗೂ ಮುಟ್ಟಿಲ್ಲ. ಆದರೆ ಮನೆಗೆ ಬಂದ ನೆಂಟರು ಬಿಸ್ಕತ್ತು ಮುರಿದು ಬೆಕ್ಕಿನ ಕಡೆ ಕೈ ಚಾಚಿದರೆ ಸಾಕು, "ಅದನ್ನ ಕೆಳಗಿಡಿ" ಎಂದು ಕ್ಲಾಸಿನಲ್ಲಿ ಕೂಗುವ ಹಾಗೆ ಕೂಗುತ್ತಾಳೆ. ನಮ್ಮ ದೊಡ್ಡಮ್ಮನ ಮಗಳೊಬ್ಬಳು ಇದೇ ಕಾರಣಕ್ಕೆ ಮುನಿಸಿಕೊಂಡು ಹೋದವಳು ಇನ್ನೂ ಬಂದಿಲ್ಲ. ಸಿಂಕಿನ ವಿಷಯವನ್ನು ಅಕ್ಕ ಮರೆತಿಲ್ಲ. ನನ್ನ ಮೇಲೆ ಕೋಪ ಬಂದಾಗಲೆಲ್ಲ, "ಪ್ರಸಾದ ಚರಂಡಿಗೆ ಹಾಕಿದವಳು ನೀನು" ಎಂದು ಅಲ್ಲಿಂದಲೇ ಶುರುಮಾಡುತ್ತಾಳೆ. ನಾನು, "ಅದು ಕಾಳು ಅಂದವಳು ನೀನು" ಅನ್ನುತ್ತೇನೆ.

ಇದರ ಮಧ್ಯೆ ಒಂದು ದಿನ ಶಿವಮೊಗ್ಗದ ಆ ಮೊದಲ ಕ್ಲಿನಿಕ್ಕಿಗೂ ಹೋದೆ. ನೀವು ಹಾಲು ಅನ್ನ ಹಾಕಿ ಅಂದಿದ್ದಿರಿ, ಒಂದು ಸಲವೂ ಹೊಟ್ಟೆ ಮುಟ್ಟಿ ನೋಡಲಿಲ್ಲ ಎಂದು ಮುಖಕ್ಕೆ ಹೇಳಬೇಕಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಎಲ್ಲವನ್ನೂ ಹೇಳಿದೆ. ಡಾಕ್ಟರು ಫೋನಿನಿಂದ ತಲೆ ಎತ್ತಿ, "ಯಾವ ಬೆಕ್ಕು ಮೇಡಂ?" ಅಂದರು. ಬಂದುಬಿಟ್ಟೆ.

ಕಳೆದ ತಿಂಗಳು ಮತ್ತೆ ಕೆಟ್ಟಿತು. ಯಾರೂ ಏನೂ ಹಾಕಿರಲಿಲ್ಲ. ಕೋಳಿ ಅದೇ, ಪುಡಿ ಅದೇ, ಮಾತ್ರೆ ತಪ್ಪಿಸಿರಲಿಲ್ಲ. ಬೆಳಿಗ್ಗೆ ನಾನು ಬಕೆಟ್ಟು ಹಿಡಿದು ನಡುಮನೆಗೆ ಬರುವಾಗಲೇ ಅಕ್ಕ ಕುರ್ಚಿಯಿಂದ, "ನಾನೇನೂ ಕೊಟ್ಟಿಲ್ಲ ಕಣೆ" ಅಂದಳು.

"ಗೊತ್ತು" ಅಂದೆ.

ಫೋನು ಮಾಡಿದರೆ ಡಾಕ್ಟರು, ಕಾಯಿಲೆಯೇ ಹಾಗೆ, ಕಾರಣ ಇಲ್ಲದೆಯೂ ಕೆರಳುತ್ತದೆ, ಸ್ವಲ್ಪ ದಿನ ಮಾತ್ರೆ ಜಾಸ್ತಿ ಮಾಡಿ ಅಂದರು. ಬೈಯಲು ಯಾರೂ ಇರಲಿಲ್ಲ. ನೆಲ ಒರೆಸುತ್ತಾ ಒರೆಸುತ್ತಾ ಬಟ್ಟೆಯನ್ನು ಬಕೆಟ್ಟಿಗೆ ಎಸೆದೆ, ನೀರು ಗೋಡೆಗೆಲ್ಲ ಸಿಡಿಯಿತು. ನಾನು ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ಹೇಗೋ ಬಗ್ಗಿ ಫ್ರಿಜ್ಜಿನ ಹಿಂದಿನಿಂದ ಬೆಕ್ಕನ್ನು ಎಳೆದು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಅವಳು ಅದರ ಬಾಯಿ ಬಿಡಿಸಿದಳು, ನಾನು ಮಾತ್ರೆ ನಾಲಿಗೆಯ ಹಿಂದಕ್ಕೆ ತಳ್ಳಿದೆ. ಬೆಕ್ಕು ನನ್ನ ಬೆರಳು ಕಚ್ಚಿತು.